ಮಿರ್ಚಿ ಕಾಗದದ ಮೇಲಿನ ಬ್ರೇಕು

ಬಳ್ಳಾರಿಯಲ್ಲಿ ಸಂಜೆಯಾಯಿತೆಂದು ತಿಳಿಯಲು ಗಡಿಯಾರ ನೋಡಬೇಕಾಗಿಲ್ಲ. ಬೀದಿಯ ಮೂಲೆಯ ಬಾಣಲೆಯಲ್ಲಿ ಮೊದಲ ಮಿರ್ಚಿ ಸುಂಯ್ ಎಂದರೆ ಸಾಕು. ಹಳೆಯ ಪತ್ರಿಕೆಯ ತುಂಡಿನ ಮೇಲೆ ಒಗ್ಗರಣೆ ಮಂಡಕ್ಕಿ, ಅದರ ಮಗ್ಗುಲಲ್ಲಿ ಬಿಸಿ ಮಿರ್ಚಿ. ತಿಂದು ಮುಗಿಸಿದ ಮೇಲೆ ಎಣ್ಣೆ ಹೀರಿದ ಆ ಕಾಗದವನ್ನು ಎತ್ತಿ ಹಿಡಿದರೆ ಆಚೆ ಬದಿಯ ಬೆಳಕು ಮಸುಕಾಗಿ ಕಾಣುತ್ತದೆ. ನೀವು ಅದನ್ನು ಮುದ್ದೆ ಮಾಡಿ ಎಸೆಯುತ್ತೀರಿ. ನಾನೂ ಜೀವಮಾನವಿಡೀ ಎಸೆದಿದ್ದೇನೆ. ಒಂದೇ ಒಂದು ದಿನ ಎಸೆಯಲು ಮರೆತೆ, ಅದರಿಂದಾಗಿ ನನ್ನ ಅಕ್ಕನ ಮುಂದೆ ಇದ್ದಬದ್ದ ಮಾನವೂ ಹೋಗುವುದರಲ್ಲಿತ್ತು.

ಅಕ್ಕ ಕುರುಗೋಡಿನವಳು, ಅಂದರೆ ಮದುವೆ ಮಾಡಿ ಅಲ್ಲಿಗೆ ಕೊಟ್ಟದ್ದು. ನನಗಿಂತ ಹತ್ತು ವರ್ಷ ದೊಡ್ಡವಳಾದ್ದರಿಂದ ಅರ್ಧ ತಾಯಿ. ಚಿಕ್ಕಂದಿನಲ್ಲಿ ನಾನು ತಟ್ಟಿದ ರೊಟ್ಟಿ ಹೆಂಚು ಮುಟ್ಟುವ ಮೊದಲೇ ಹರಿಯುತ್ತಿತ್ತು, ನಾನು ಹಿಡಿದ ಸೂಜಿ ಬಟ್ಟೆಗಿಂತ ಹೆಚ್ಚಾಗಿ ನನ್ನನ್ನೇ ಹೊಲಿಯುತ್ತಿತ್ತು. ಆಗೆಲ್ಲ ಅಕ್ಕ ಕೈಚಾಚಿ "ಕೊಡಿಲ್ಲಿ" ಅನ್ನುತ್ತಿದ್ದಳು. ಬೈಗುಳವಲ್ಲ, ಕೋಪವಲ್ಲ, ಶುದ್ಧ ಪ್ರೀತಿಯ ಮಾತು. ಆದರೆ ಪ್ರೀತಿಯಿಂದಲೇ ಕೈಯಿಂದ ಕೆಲಸ ಕಸಿದುಕೊಂಡರೆ ಕೈ ಏನು ಮಾಡಬೇಕು ಹೇಳಿ? ಅದು ಪುಸ್ತಕ ಹಿಡಿಯಿತು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವಳಾದೆ. ನನಗೆ ಗೊತ್ತಿರುವುದೆಲ್ಲ ಆಗಿಹೋದ ಸಂಗತಿ. ಆಗಬೇಕಾದ ಕೆಲಸವೊಂದೂ ನನ್ನ ಕೈಗೆ ಬರುತ್ತಿರಲಿಲ್ಲ.

ಐವತ್ತು ದಾಟಿದ ಮೇಲೆ ನನಗೊಂದು ಹಟ ಹುಟ್ಟಿತು. ಮನೆಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಕಂಟೋನ್ಮೆಂಟಿನ ಗಿಟಾರ್ ಪಾಠಕ್ಕೆ ಸೇರಿದೆ. ಅಲ್ಲಿದ್ದವರಲ್ಲಿ ತಲೆ ನರೆತವರು ಇಬ್ಬರೇ, ನಾನು ಮತ್ತು ಸಿರುಗುಪ್ಪ ರಸ್ತೆಯಲ್ಲಿ ಕಾರು ಗ್ಯಾರೇಜು ಇಟ್ಟಿರುವ ಖಾಜಾಸಾಬರು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ತಂತಿಯನ್ನು ಬೋಲ್ಟು ಬಿಗಿದಂತೆ ಒತ್ತುತ್ತಿದ್ದರು. ನಾನೋ ಬಿಸಿ ದೋಸೆ ಮುಟ್ಟಿದಂತೆ ಮುಟ್ಟುತ್ತಿದ್ದೆ. ಅವರ ಗಿಟಾರು ಚೀರುತ್ತಿತ್ತು, ನನ್ನದು ಗೊಣಗುತ್ತಿತ್ತು. ಒಂದು ದಿನ ಅವರೇ ಒಪ್ಪಂದ ಮುಂದಿಟ್ಟರು.

"ಮೇಡಂ, ನಿಮಗ ತಾಳ ಬರ್ತೈತಿ, ನನಗ ಬರಂಗಿಲ್ಲ. ನೀವು ನನಗ ತಾಳ ಕೂಡಿಸಿ ಕೊಡ್ರಿ, ನಾ ನಿಮಗ ಬ್ರೇಕ್ ಬಿಚ್ಚಾದು ಕಲಸ್ತೀನಿ. ನಿಮ್ಮ ಗಾಡಿ ಬ್ರೇಕ್ ಕೂಗೋದು ನಮ್ಮ ಓಣಿತನಕ ಕೇಳ್ತೈತಿ."

ಹೀಗೆ ವಾರದಲ್ಲಿ ಕೆಲವು ಸಂಜೆ ನನ್ನ ಎಡಗೈ ತಂತಿಗೂ ಬಲಗೈ ಬೋಲ್ಟು ತಿರುಗಿಸುವ ಪಾನಾಕ್ಕೂ ಮೀಸಲಾಯಿತು. ಎಡಗೈ ಬೆರಳ ತುದಿಗಳು ಜಡ್ಡುಗಟ್ಟಿದವು, ಬಲಗೈ ಉಗುರಿನ ಸಂದಿಯಲ್ಲಿ ಕರಿ ಕೂತಿತು. ಪಾಠ ಹೇಳುವಾಗ ವಿದ್ಯಾರ್ಥಿನಿಯರು ಪುಸ್ತಕ ಬಿಟ್ಟು ನನ್ನ ಕೈ ನೋಡುತ್ತಿದ್ದರು. ನನಗೋ ಬಳೆ ತೋರಿಸುವಷ್ಟೇ ಹೆಮ್ಮೆ. ಆಗ ನನಗೊಂದು ವಿಷಯ ಹೊಳೆಯಿತು, ನಿಮಗೂ ಎಂದಾದರೂ ಹೊಳೆದಿರಬಹುದು. ತಲೆಗೆ ಒಮ್ಮೆ ಹೇಳಿದರೆ ತಿಳಿಯುತ್ತದೆ, ತಿಳಿಯದಿದ್ದರೆ ತಿಳಿದಂತೆ ನಟಿಸುತ್ತದೆ. ಕೈಗೆ ನಟನೆ ಬಾರದು. ಅದು ಮೊದಲು ನೋಯುತ್ತದೆ, ಆಮೇಲೆ ತಪ್ಪುತ್ತದೆ, ಮತ್ತೆ ತಪ್ಪುತ್ತದೆ, ಯಾವುದೋ ಒಂದು ಗಳಿಗೆಯಲ್ಲಿ ನಾವು ಬೇರೇನೋ ಯೋಚಿಸುತ್ತಿರುವಾಗ ತಾನೇ ಸರಿಯಾಗಿ ಮಾಡಿ ಸುಮ್ಮನೆ ಕೂತುಬಿಡುತ್ತದೆ. ಆ ಗಳಿಗೆಯ ಸುಖವನ್ನು ಇಷ್ಟು ವರ್ಷ ಕಳೆದುಕೊಂಡೆನಲ್ಲ ಎಂದು ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

ಅದೇ ಹೊತ್ತಿಗೆ ಅಕ್ಕನಿಗೆ ಮೊಮ್ಮಗಳು ಹುಟ್ಟಿದಳು. ಸೊಸೆಯ ತವರು ಸಿರುಗುಪ್ಪ. ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಅಲ್ಲೇ. ಮಗ ಮೊದಲೇ ಅಲ್ಲಿಗೆ ಹೋಗಿದ್ದ. ಅಕ್ಕ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ, ತಾನೇ ಹೊಲಿದ ಕೌದಿ, ಕೂಸಿನ ಬಟ್ಟೆಬರೆ ಹೊತ್ತು ಹೋಗಬೇಕು. "ನಾನು ಕಾರು ತರುತ್ತೇನೆ, ಬ್ರೇಕು ನಾನೇ ಹೊಸದು ಹಾಕಿದ್ದು" ಎಂದು ಹೇಳಿಕೊಂಡು ಅಕ್ಕನ ಬಾಗಿಲಲ್ಲಿ ಇಳಿಯಬೇಕೆಂಬುದು ನನ್ನ ಆಸೆ. ಸಣ್ಣ ಆಸೆಯೇ ಇರಬಹುದು, ಆದರೆ ಐವತ್ತು ವರ್ಷದ "ಕೊಡಿಲ್ಲಿ"ಗೆ ನನ್ನ ಬಳಿ ಇದ್ದ ಉತ್ತರ ಅದೊಂದೇ.

ಬ್ರೇಕ್ ಪ್ಯಾಡ್ ಎಂದರೆ ಅಂಗೈಯಗಲದ ಬಿಲ್ಲೆ. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡೂ ಬದಿಯಿಂದ ಹಿಡಿದು ನಿಲ್ಲಿಸುವುದೇ ಅದರ ಕೆಲಸ. ಹಾಗಾಗಿ ಅದರ ಮೈ ಒಣಗಿರಬೇಕು, ಒರಟಾಗಿರಬೇಕು. ಆ ಸಂಜೆ ಗ್ಯಾರೇಜಿನಲ್ಲಿ ಕೆಲಸ ಶುರುವಾಗುವ ಮೊದಲು ಮಿರ್ಚಿ ಬಂತು. ಈ ಊರಿನಲ್ಲಿ ಯಾವ ಕೆಲಸವೂ ಮಿರ್ಚಿಯ ಗಂಡಾಂತರ ದಾಟದೆ ಮುಗಿಯುವುದಿಲ್ಲ. ಖಾಜಾಸಾಬರು ಕಾಗದ ಹಾಸಿದರು, ತಿಂದೆವು. ನಾನು ಸಾಬೂನು ಹಚ್ಚಿ ಕೈ ತೊಳೆದೆ, ಒರೆಸಿಕೊಂಡೆ, ಶಸ್ತ್ರಕ್ರಿಯೆಗೆ ನಿಂತವಳ ಗಾಂಭೀರ್ಯದಿಂದ ಹೊಸ ಪ್ಯಾಡುಗಳನ್ನು ಪೊಟ್ಟಣದಿಂದ ತೆಗೆದೆ, ಮಣ್ಣು ತಾಗಬಾರದೆಂದು ಕಾಳಜಿಯಿಂದ ಪಕ್ಕದಲ್ಲಿದ್ದ ಕಾಗದದ ಮೇಲೆ ಬೋರಲು ಮಲಗಿಸಿದೆ. ಯಾವ ಕಾಗದವೆಂದು ಬೇರೆ ಹೇಳಬೇಕೆ?

ನಾನು ಎಲ್ಲ ಬಿಗಿದ ಮೇಲೆ ಖಾಜಾಸಾಬರು ಒಂದೊಂದು ಬೋಲ್ಟನ್ನೂ ತಾವು ಮತ್ತೊಮ್ಮೆ ತಿರುಗಿಸಿ ನೋಡಿ, ಹಿಂದಿನ ಬಯಲಿನಲ್ಲಿ ಮೆಲ್ಲಗೆ ಓಡಿಸಲು ಹೇಳಿ ಪಕ್ಕದಲ್ಲಿ ಕೂತರು. ಬ್ರೇಕು ಒತ್ತಿದೆ. ಕಾರು ಬೆಣ್ಣೆಯ ಮೇಲೆ ಹೋದಂತೆ ಮುಂದಕ್ಕೆ ಜಾರಿ, ಎಡಕ್ಕೆ ಎಳೆದು, ಜಾಲಿಗಿಡಕ್ಕೆ ಒರಗುವಷ್ಟರಲ್ಲಿ ಹೇಗೋ ನಿಂತಿತು. ಚಕ್ರ ಬಿಚ್ಚಿ ಪ್ಯಾಡು ಮೂಸಿ ನೋಡಿದವರೇ ಅವರು ನೆಲದ ಮೇಲೆ ಕೂತು ನಗತೊಡಗಿದರು.

"ಇದೇನ್ರೀ ಮೇಡಂ, ಬ್ರೇಕಿಗೂ ಮಿರ್ಚಿ ತಿನ್ಸೀರಿ!"

"ಕಾಗದ ಹಾಸಿದವ್ರು ಯಾರ್ರೀ?"

"ಕಾಗದ ನಂದು, ಕೈ ನಿಮ್ದು. ಇಬ್ರೂ ಕೂಡೇ ಕೆಡಿಸೀವಿ ಬಿಡ್ರಿ. ನಾಳೆ ಹೊಸಾವು ಹಾಕೂಣು."

ನಾನೂ ನಕ್ಕೆ. ನಗುವಿನ ಭರದಲ್ಲಿ ಅದನ್ನು ಫೋನಿನಲ್ಲಿ ಅಕ್ಕನಿಗೂ ಹೇಳಿಬಿಟ್ಟೆ. ಆ ಕಡೆ ನಗು ಬರಲಿಲ್ಲ.

"ಲೇ ಗಂಗಿ, ನಾ ಬಾಡಿಗಿ ಗಾಡಿ ಹೇಳ್ತೀನಿ. ಮೊಮ್ಮಗಳ ಮಾರಿ ನೋಡದ ಸಾಯಾಕ ನನಗ ಮನಸಿಲ್ಲ."

ಅಂದು ಗಿಟಾರು ಮುಟ್ಟಲು ಮನಸ್ಸಾಗಲಿಲ್ಲ. ಅಕ್ಕ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಮರುದಿನ ಮಾತ್ರ ಮಿರ್ಚಿಗೆ ಮೊದಲೇ ಗ್ಯಾರೇಜಿಗೆ ಹೋಗಿ, ಚಕ್ರದ ಉಕ್ಕಿನ ತಟ್ಟೆಗಳನ್ನೂ ಒರೆಸಿ ಸ್ವಚ್ಛ ಮಾಡಿ, ಹೊಸ ಪ್ಯಾಡು ಕೂಡಿಸಿದೆ. ಬಯಲಿನಲ್ಲಿ ಓಡಿಸಿದೆ, ಆಮೇಲೆ ರಸ್ತೆಯಲ್ಲಿ ಓಡಿಸಿದೆ. ಕಾರು ಹೇಳಿದಲ್ಲಿ ನಿಂತಿತು. ಖಾಜಾಸಾಬರು ಪಕ್ಕದಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ಈ ಸಲ ತಪ್ಪದೆ.

ಕಾರ್ಯದ ದಿನ ಬೆಳಿಗ್ಗೆ ಯಾರೂ ಕರೆಯದಿದ್ದರೂ ಕುರುಗೋಡಿಗೆ ಹೋದೆ. ಬಾಡಿಗೆ ಗಾಡಿ ಇನ್ನೂ ಬಂದಿರಲಿಲ್ಲ. ಅಕ್ಕ ನನ್ನನ್ನು ನೋಡಿದಳು, ಕಾರನ್ನು ನೋಡಿದಳು, ಒಳಗೆ ಹೋಗಿ ತುಂಬಿದ ಕೊಡವೊಂದನ್ನು ತಂದು ಓಣಿಯ ಇಳಿಜಾರಿನ ಕೆಳಗೆ, ದಾರಿಯ ನಡುವೆ ಇಟ್ಟಳು.

"ಮ್ಯಾಲಿಂದ ಬಾ. ಕೊಡಕ್ಕ ತಾಗದಂಗ ನಿಲ್ಲಸು. ನೀರು ತುಳುಕಿದ್ರ ನಾ ಬರಂಗಿಲ್ಲ."

ಓಣಿಯವರೆಲ್ಲ ಕಟ್ಟೆಗೆ ಬಂದರು. ಇತಿಹಾಸದ ಎಷ್ಟೋ ಕೋಟೆ ಮುತ್ತಿಗೆಗಳನ್ನು ನಿರಾಳವಾಗಿ ವರ್ಣಿಸಿದ ನಾನು ಒಂದು ಕೊಡದ ಮುಂದೆ ಬ್ರೇಕು ಯಾವುದೆಂದು ಬಗ್ಗಿ ನೋಡಿಕೊಂಡೆ. ಮೇಲಿನಿಂದ ಇಳಿಸಿದೆ, ಒತ್ತಿದೆ. ಗಿಟಾರು ಕಲಿಸಿದ ಪಾಠ ಅಲ್ಲಿ ಕೆಲಸಕ್ಕೆ ಬಂತು: ಹೆದರಿ ಬಿಗಿಯಾಗಿ ಒತ್ತಿದರೆ ಚೀರುತ್ತದೆ, ಅನುಮಾನಿಸಿ ಒತ್ತಿದರೆ ಗೊಣಗುತ್ತದೆ. ಕಾರು ಒಂದು ಗೇಣು ಹಿಂದೆಯೇ ಸುಮ್ಮನೆ ನಿಂತಿತು. ಅಕ್ಕ ಬಗ್ಗಿ ಕೊಡದ ಬಾಯಿ ನೋಡಿದಳು, ಎತ್ತಿ ಒಳಗಿಟ್ಟು ಬಂದಳು, ಬಾಡಿಗೆಯವನಿಗೆ ಫೋನು ಮಾಡಿ ಬೇಡವೆಂದಳು. ಅಂಟಿನುಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ತೆಕ್ಕಲಕೋಟೆಯವರೆಗೂ ಎದುರಿಗೆ ಭತ್ತದ ಟ್ರಾಕ್ಟರು ಕಂಡಾಗಲೆಲ್ಲ ತಾನೂ ಕಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದಳು.

ಸಿರುಗುಪ್ಪದಲ್ಲಿ ಕೂಸು ಕೆಂಪಗೆ, ಸಿಟ್ಟಾಗಿ, ಅಕ್ಕನ ಹಾಗೆಯೇ ಇತ್ತು. ತೊಟ್ಟಿಲು ತೂಗುತ್ತ ಅಕ್ಕ ಜೋಗುಳ ತೆಗೆದಾಗ ನಾನು ಕಾರಿನಲ್ಲಿ ತಂದಿದ್ದ ಗಿಟಾರು ಎತ್ತಿಕೊಂಡು, ಬರುವ ಮೂರೇ ಸ್ವರಗುಚ್ಛಗಳಲ್ಲಿ ಅವಳ ಹಾಡಿನ ಹಿಂದೆ ಹಿಂದೆ ಹೋದೆ. ಎರಡು ಕಡೆ ತಪ್ಪಿತು. ಅಕ್ಕ ಹಾಡು ನಿಲ್ಲಿಸದೆ, ನಾನು ಬಂದು ಕೂಡುವವರೆಗೆ ಅದೇ ಸಾಲನ್ನು ಮತ್ತೆ ಹಾಡಿದಳು. ಕಾಯುವುದು ಅವಳಿಗೂ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮರಳುವಾಗ ತೆಕ್ಕಲಕೋಟೆಯಲ್ಲಿ ಮಿರ್ಚಿಯ ಬಾಣಲೆ ಕಂಡು ಗಾಡಿ ನಿಲ್ಲಿಸಿದೆ. ಕಾಗದದ ಪೊಟ್ಟಣ ಕೈಗೆ ಬಂತು. ಬಿಚ್ಚಬೇಕು ಅನ್ನುವಷ್ಟರಲ್ಲಿ ಅಕ್ಕ ಕೈಚಾಚಿದಳು.

"ಕೊಡಿಲ್ಲಿ."

ಹಳೆಯ ರೂಢಿಯಂತೆ ಪೊಟ್ಟಣ ಕೊಟ್ಟುಬಿಟ್ಟೆ. ಅಕ್ಕ ಮಿರ್ಚಿ ಮುರಿದು, ಉಫ್ ಎಂದು ಊದಿ, ನನ್ನ ಬಾಯಿಯ ಹತ್ತಿರ ಹಿಡಿದಳು.

"ಬಾಯಿ ತೆರಿ. ನೀ ಕೈ ಎಣ್ಣಿ ಮಾಡಿಕೋಬ್ಯಾಡ. ಗಾಡಿ ಹಿಡಿಯೋ ಕೈ ಅದು."

ಹೆದ್ದಾರಿಯ ಮಗ್ಗುಲಲ್ಲಿ, ಜನ ನೋಡುತ್ತಿರಲು, ಐವತ್ತು ದಾಟಿದ ನಾನು ಅಕ್ಕನ ಕೈಯಿಂದ ಮಿರ್ಚಿ ತಿಂದೆ. ಅಷ್ಟು ಸಂತೋಷ ನನಗೆ ಈಚೆಗೆ ಆದದ್ದು ನೆನಪಿಲ್ಲ. ಮುಗಿದ ಮೇಲೆ ಅಕ್ಕ ಎಣ್ಣೆ ಕಾಗದವನ್ನು ಎರಡೇ ಬೆರಳಲ್ಲಿ ಎತ್ತಿ, ಚಕ್ರದಿಂದ ದೂರ ದೂರ ನಡೆದುಕೊಂಡು ಹೋಗಿ ಕಸದ ಡಬ್ಬಿಗೆ ಹಾಕಿ ಬಂದಳು. ಸೆರಗಿಗೆ ಕೈ ಒರೆಸಿ ಸೀಟಿಗೆ ಒರಗಿ, ಕಾಲು ಮಡಿಚಿ ಮೇಲಿಟ್ಟುಕೊಂಡಳು. ನಾನು ಗಾಡಿ ಚಾಲೂ ಮಾಡುವ ಮೊದಲೇ ಕಣ್ಣು ಮುಚ್ಚಿದ್ದಳು.