ಕಾಮಣಿ ತೊಳೆದ ನೀರು

ಎಪ್ಪತ್ತರ ದಶಕದ ನಡುವೆ, ದೊಡವಾಡದಲ್ಲಿ ಮಾಸ್ತರನಾಗಿದ್ದಾಗ, ನನಗೆ ಕಾಮಾಲೆಯಾಯಿತು. ನಮ್ಮ ಕಡೆ ಅದನ್ನು ಕಾಮಣಿ ಎನ್ನುತ್ತಾರೆ. ಬೈಲಹೊಂಗಲದ ಡಾಕ್ಟರರು ಹೊಟ್ಟೆಯ ಬಲಭಾಗವನ್ನು ಒತ್ತಿ ನೋಡಿ, ಯಕೃತ್ತು ಬಾತಿದೆ, ಕೆಟ್ಟ ನೀರಿನಿಂದ ಬಂದದ್ದು, ವಿಶ್ರಾಂತಿಯೇ ಔಷಧಿ ಎಂದರು. ನೀರನ್ನು ಕುದಿಸಿ ಕುಡಿಯಬೇಕು, ಮೂತ್ರದ ಬಣ್ಣ ಗಮನಿಸಬೇಕು, ಯಾರು ಕೊಟ್ಟರೂ ಸೊಪ್ಪಿನ ರಸ ಕುಡಿಯಬಾರದು. ಇಷ್ಟನ್ನೂ ಬರೆದುಕೊಂಡೆ.

ಹೆಂಡತಿ ಬಾಣಂತನಕ್ಕೆ ರಾಮದುರ್ಗದ ತವರಿನಲ್ಲಿದ್ದಳು. ಮಗಳು ಹುಟ್ಟಿದ ವಾರವೇ ನಾನು ಹಾಸಿಗೆ ಹಿಡಿದಿದ್ದೆ. ಅವಳ ಮುಖವನ್ನು ಇನ್ನೂ ನೋಡಿರಲಿಲ್ಲ.

ಸುದ್ದಿ ತಿಳಿದು ಬಂದ ಮಾವನವರು ಹೊಸ್ತಿಲಲ್ಲೇ ನಿಂತು ಗಾಳಿ ಮೂಸಿದರು. ನಾನದನ್ನು ಕಂಡೆ. ಗೂಡಿನಲ್ಲಿದ್ದ ಬಾಟಲಿಯ ಬಿರಡೆ ತೆಗೆದು ಅದನ್ನೂ ಮೂಸಿದರು. ಚಿಮಣಿ ಎಣ್ಣೆ. ಆದರೂ ಸಂಶಯ ತಗ್ಗಲಿಲ್ಲ.

"ಮಾಸ್ತರ್ರ, ಕಾಮಣಿ ಸುಮ್‌ಸುಮ್ನ ಆಗೂದಿಲ್ಲ. ಕುಡಿಯೋರಿಗೇ ಆಗತೈತಿ. ಪೂರಾ ತೊಳದು ಹೋಗೂತನಕ ಮಗಳನ್ನೂ ಕೂಸನ್ನೂ ಕಳಸೂದಿಲ್ಲ."

ನಾನು ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತವರಿಗೂ ಕೇಳಿಸುವಂತೆ ಅವರು ಆ ಮಾತನ್ನಾಡಿದ್ದನ್ನು ನಾನು ಮರೆತಿಲ್ಲ.

ತೊಳೆಯುವುದೆಂದರೆ ಅವರ ಪಾಲಿಗೆ ನಿಜವಾಗಿಯೂ ತೊಳೆಯುವುದೇ. ಮುರಗೋಡದಾಚೆಯ ಹಳ್ಳಿಯೊಂದರಲ್ಲಿ ಒಬ್ಬ ಮುದುಕ ಕಾಮಣಿ ತೊಳೆಯುತ್ತಿದ್ದ. ರೋಗಿಯ ಅಂಗೈಗೆ ಯಾವುದೋ ತೊಗಟೆಯ ರಸ ಹಚ್ಚಿ, ಹಿತ್ತಾಳೆಯ ಪರಾತದ ನೀರಿನಲ್ಲಿ ತಿಕ್ಕುವನು, ನೀರು ಅರಿಸಿನದಂತಾಗುವುದು. ನೀರು ತಿಳಿಯಾಗಿಯೇ ಉಳಿದ ದಿನ ರೋಗ ಹೋಯಿತೆಂದು ಅರ್ಥ. ಕೈ ತೊಳೆಸಿಕೊಂಡರೆ ಯಕೃತ್ತಿಗೇನೂ ಕೇಡಿಲ್ಲವೆಂದು ಒಪ್ಪಿದೆ. ಅವನು ಕುಡಿಯಲು ಕೊಟ್ಟ ರಸವನ್ನು ಮಾತ್ರ ಗೋಡೆಯ ಬುಡಕ್ಕೆ ಚೆಲ್ಲಿದೆ.

ಮೂರು ರವಿವಾರ ಮಾವನವರೇ ಜೊತೆಗೆ ಬಂದು ಕಾವಲು ನಿಂತರು. ಮೂರು ಸಲವೂ ಹಳದಿ. ಆದರೆ ನನ್ನ ಟಿಪ್ಪಣಿಯ ಪ್ರಕಾರ ಎರಡನೆಯ ರವಿವಾರಕ್ಕೂ ಮೊದಲೇ ಮೂತ್ರ ತಿಳಿಯಾಗಿತ್ತು, ಹಸಿವು ಮರಳಿತ್ತು. ಮತ್ತೆ ತೋರಿಸಿದಾಗ ಡಾಕ್ಟರರೂ ಗುಣವಾಗಿದೆ ಎಂದಿದ್ದರು. ಹಾಗಾದರೆ ಈ ಹಳದಿ ಎಲ್ಲಿಯದು? ಪರಾತದ ಅಂಚಿನಲ್ಲಿ ಒಂದು ಬಿಳಿಯ ಗೆರೆ ಒಣಗಿತ್ತು. ಉಗುರಿನಿಂದ ಕೆರೆದೆ. ಸುಣ್ಣ.

ನಾಲ್ಕನೆಯ ರವಿವಾರ, ಮೊದಲು ಮಾವನವರ ಕೈ ತೊಳೆಯಬೇಕೆಂದು ಹಟ ಹಿಡಿದೆ. ಮುದುಕ ತಡವರಿಸಿದ. ನನ್ನನ್ನು ಹುಚ್ಚನೆಂದುಕೊಂಡು ಮಾವನವರು ನಗುತ್ತಲೇ ಕೈ ಚಾಚಿದರು. ನೀರು ನನ್ನದಕ್ಕಿಂತ ದಟ್ಟ ಹಳದಿಯಾಯಿತು.

"ನೀವೂ ಕುಡೀತೀರೇನ್ರಿ, ಮಾವಾರ?" ಎಂದೆ.

ಆ ತೊಗಟೆಯ ರಸ ಸುಣ್ಣದ ನೀರಿಗೆ ಸೇರಿದರೆ ಯಾರ ಕೈಯಾದರೂ ಹಳದಿ ಬಿಡುತ್ತದೆ, ಇದು ಮೋಸ ಎಂದು ಬಸ್ಸಿಗೆ ಕಾಯುವಾಗ ಎರಡೆರಡು ಸಲ ವಿವರಿಸಿದೆ. ಅವರು ಪಕ್ಕೆಯನ್ನು ಒತ್ತಿಕೊಂಡು ನಿಂತಿದ್ದರು.

"ಬಲಕ್ಕ ಚುಚ್ಚಾಕತ್ತೈತಿ. ಯಾವಾಗ ಅಂಟಿತೋ ಏನೋ."

ಮೋಸವೆಂಬುದು ಅವರ ತಲೆಗೆ ಹೊಗಲಿಲ್ಲ, ರೋಗವೆಂಬುದು ಹೊಕ್ಕಿತು.

ಅದೇ ವಾರ ಹೆಂಡತಿ ಮಗುವಿನೊಡನೆ ಬಂದಿಳಿದಳು. ಅಳಿಯನಿಗೆ ಡಾಕ್ಟರರಾದರೂ ಗುಣವೆಂದಿದ್ದಾರೆ, ತಮಗೆ ಈಗಷ್ಟೇ ಹತ್ತಿದೆ, ಕೂಸು ತಮ್ಮ ಮನೆಯಲ್ಲಿರುವುದು ಬೇಡ ಎಂದು ಮಾವನವರೇ ಅವಸರಪಡಿಸಿ ಕಳಿಸಿದ್ದರಂತೆ. ತಮಗೆ ಕುಡಿಯದೆಯೇ ಕಾಮಣಿ ಬಂದಿತೆಂದು ನಂಬಿದವರು, ನನಗೆ ಕುಡಿತದಿಂದಲೇ ಬಂದಿತೆಂಬ ಮಾತನ್ನು ಕೊನೆಯವರೆಗೂ ಹಿಂತೆಗೆದುಕೊಳ್ಳಲಿಲ್ಲ.

ಹೆಂಡತಿ ಅದನ್ನು ಎಷ್ಟು ನಂಬಿದ್ದಳೋ ತಿಳಿಯದು. ಕೂಸನ್ನು ಎದೆಗವಚಿಕೊಂಡೇ ನನ್ನನ್ನು ಅಂಗಳದ ಬಿಸಿಲಿಗೆ ಕರೆದಳು. ಕಣ್ಣಿನ ಕೆಳರೆಪ್ಪೆಯನ್ನು ಎಳೆದು ಒಂದನ್ನು ನೋಡಿದಳು, ಇನ್ನೊಂದನ್ನೂ ನೋಡಿದಳು. ಆಮೇಲೆ ಮಗಳನ್ನು ನನ್ನ ತೋಳಿಗೆ ಕೊಟ್ಟಳು. ತನ್ನ ಒಂದು ಕೈಯನ್ನು ಮಾತ್ರ ಮಗುವಿನ ಕೆಳಗೆ ಹಾಗೆಯೇ ಇಟ್ಟುಕೊಂಡಿದ್ದಳು.