ಕಾರ್ಡಿನೊಳಗಿನ ಮೂರನೇ ಕಮಾನು

ಹಳೆ ಪುಸ್ತಕದ ಅಂಗಡಿಯಲ್ಲಿ ಮೊಮ್ಮಗಳಿಗೊಂದು ನಿಘಂಟು ಹುಡುಕುತ್ತಿದ್ದಾಗ ಆ ಪೋಸ್ಟ್‌ಕಾರ್ಡ್ ಕೈಗೆ ಸಿಕ್ಕಿತು. ಬೆಳಗಾವಿಯ ಹಳೆ ರೈಲು ನಿಲ್ದಾಣ: ಕಲ್ಲಿನ ಕಮಾನುಗಳು, ಹೆಂಚಿನ ಮಾಡು, ಮುಂದೆ ಒಂದು ಟಾಂಗಾ. ಈಗ ಆ ನಿಲ್ದಾಣವನ್ನು ಕೆಡವಿ ಹೊಸ ಕಟ್ಟಡ ಕಟ್ಟಿದ್ದಾರೆ. ಮನೆಗೆ ತಂದು ತೋರಿಸಿದರೆ ನನ್ನ ಗಂಡ, "ಮಳಿ ಬಂದ್ರ ಸೋರ್ತಿತ್ತು. ಕೆಡವಿದ್ದ ಚೊಲೋ ಆತು" ಎಂದರು.

ಸೋರುತ್ತಿದ್ದುದು ನಿಜ. ಹೊಸ ನಿಲ್ದಾಣದ ಲಿಫ್ಟ್ ನನ್ನ ಮೊಣಕಾಲಿಗೂ ಬೇಕು. ಆದರೆ ಆ ಮಾತನ್ನು ನಾನು ಒಪ್ಪಲಿಲ್ಲ. ಚಿತ್ರದಲ್ಲಿ ಎಡದಿಂದ ಮೂರನೆಯ ಕಮಾನಿನ ಮೇಲೆ ಬೆರಳಿಟ್ಟು, ಇಲ್ಲಿ ಏನಾಯಿತು ನೆನಪಿದೆಯೇ ಎಂದು ಕೇಳಿದೆ. ಅವರು ಕಾರ್ಡನ್ನು ಮಗುಚಿ ಮೇಜಿನ ಮೇಲಿಟ್ಟರು.

ಮದುವೆಯಾಗಿ ನಾಲ್ಕು ತಿಂಗಳಿಗೆ ಖಾನಾಪುರದ ಕನ್ನಡ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಶಹಾಪುರದ ನಮ್ಮ ಮನೆಯಲ್ಲಿ ಮಗ್ಗಗಳಿದ್ದವು. ಸೊಸೆ ಹೊರಗೆ ಹೋಗಿ ದುಡಿಯುವುದು ಮಾವನವರಿಗೆ ಸುತಾರಾಂ ಇಷ್ಟವಿರಲಿಲ್ಲ. ಉದ್ಯಮಬಾಗದ ಫೌಂಡ್ರಿಯಲ್ಲಿದ್ದ ಗಂಡ ಬೇಡವೆನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮೊದಲ ದಿನ ಬುತ್ತಿ ಕಟ್ಟಿಕೊಂಡು ನಿಲ್ದಾಣಕ್ಕೆ ನಡೆದೆ. ಮಾವನವರು ಸೈಕಲ್ ಹತ್ತಿ ಹಿಂದೆಯೇ ಬಂದು ಆ ಕಮಾನಿನ ಕೆಳಗೆ ಅಡ್ಡ ನಿಂತರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ನಡಿ ಮನಿಗೆ. ನಮ್ಮ ಮನ್ಯಾಗ ಹೆಣ್ಮಕ್ಳು ರೈಲ ಹತ್ತಿ ದುಡ್ಯಾಕ ಹೋಗೂದಿಲ್ಲ."

ಜನ ನಿಂತು ನೋಡುತ್ತಿದ್ದರು. ಆದರೂ ಹೇಳಿದೆ: "ಸಾಲಿ ಬಿಟ್ಟ ಮ್ಯಾಲೆ ಬರ್ತೀನ್ರಿ, ಮಾವಾರ."

"ಹಂಗಾದ್ರ ತಿರಗಿ ಬರೂದ ಬ್ಯಾಡ."

"ಅದು ನನ್ನ ಮನೀನೂ ಐತ್ರಿ. ಸಂಜಿಗೆ ಬರ್ತೀನಿ."

ಅವರ ಪಕ್ಕದಿಂದಲೇ ಹಾದು ಪ್ಯಾಸೆಂಜರ್ ಗಾಡಿ ಹತ್ತಿದೆ. ದೇಸೂರು ನಿಲ್ದಾಣ ದಾಟುವ ತನಕ ಕಿಟಕಿಗೆ ಮುಖ ಮಾಡಿ ಅಳುತ್ತಿದ್ದೆ. ಖಾನಾಪುರದಲ್ಲಿಳಿದು ಮುಖ ತೊಳೆದುಕೊಂಡು ತರಗತಿಗೆ ಹೋದೆ. ಅಲ್ಲಿ ಮನೆಮಾತು ಮರಾಠಿಯಾದ ಮಕ್ಕಳೇ ಹೆಚ್ಚು. ನನ್ನ ಮರಾಠಿ ಕೇಳಿ ನಕ್ಕರು, ನಾನೂ ನಕ್ಕೆ. ಸಂಜೆ ಬಂದಾಗ ಮನೆಯ ಬಾಗಿಲು ಹಾಕಿತ್ತು. ಬಡಿದೆ. ಯಾರೂ ಬರಲಿಲ್ಲ. ಮತ್ತೆ ಬಡಿದೆ. ಅತ್ತೆಯವರು ತೆರೆದರು.

ಮಾವನವರು ಎರಡು ವರ್ಷ ನನ್ನೊಡನೆ ಮಾತಾಡಲಿಲ್ಲ. ಆದರೆ ನಾನು ಬಡಿಸಿದ ರೊಟ್ಟಿ ತಿನ್ನುತ್ತಿದ್ದರು. ನಾನೂ ಗಾಡಿ ತಪ್ಪಿಸಲಿಲ್ಲ. ಆಮೇಲೊಂದು ದಿನ ಅಂಗಳದಲ್ಲಿ ಯಾರಿಗೋ, "ನಮ್ಮ ಸೊಸಿ ಖಾನಾಪುರದ ಸಾಲ್ಯಾಗ ಅಕ್ಕೋರು ಅದಾಳ" ಎಂದು ಹೇಳುತ್ತಿದ್ದುದು ಒಳಗೆ ಕೇಳಿಸಿತು. ನೀನು ಮಾಡಿದ್ದು ಸರಿ ಎಂದು ಅವರು ಕೊನೆಯವರೆಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕಾರ್ಡಿಗೆ ಚೌಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದೆ. ಮೊನ್ನೆ ನೆಂಟರೊಬ್ಬರು, ಬ್ರಿಟಿಷರು ಕಟ್ಟಿದ್ದು, ಅದರಲ್ಲಿ ನಮ್ಮದೇನಿದೆ ಎಂದರು. ಯಾರೇ ಕಟ್ಟಿರಲಿ, ಅಲ್ಲಿ ನಿಂತು ಸಂಜೆಗೆ ಬರುತ್ತೇನೆ ಎಂದವಳು ನಾನು ಎಂದೆ. ಅವರಿಗೆ ಇಡೀ ಕಥೆ ಹೇಳಿಯೇ ಚಹಾ ಕೊಟ್ಟೆ. ಅವರು ಹೋದ ಮೇಲೆ ಗಂಡ, ಅಪ್ಪನ ಮಾನ ಹೋಗುತ್ತದೆ, ಅದನ್ನು ಇಳಿಸಿಬಿಡು ಎಂದರು.

ಇಳಿಸಿಲ್ಲ.