ಒಳಗಿನ ನೀರಿನ ನಡಿಗೆ

ತಳಕಿನಿಂದ ಮೊಳಕಾಲ್ಮುರುವಿನವರೆಗೆ ಬತ್ತಿದ ಬಾವಿ ಮುಚ್ಚಿಸಬೇಕಾದವರು ನನ್ನನ್ನೇ ಕರೆಯುತ್ತಿದ್ದರು. ಜೆಸಿಬಿ ನನ್ನದು, ಓಡಿಸುವವನೂ ನಾನೇ. ಬೆಳಿಗ್ಗೆ ಹೋದರೆ ಊಟದ ಹೊತ್ತಿಗೆ ಬಾವಿಯಿದ್ದ ಜಾಗ ಸಪಾಟು. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಹೊಲದಲ್ಲೂ ಒಂದು ಬಾವಿಯಿತ್ತು. ಕಲ್ಲು ಕಟ್ಟಿದ್ದು, ನಲವತ್ತಡಿ ಆಳ. ನನಗೆ ಬುದ್ಧಿ ಬಂದಾಗಿನಿಂದ ಅದರಲ್ಲಿ ನೀರು ಕಂಡವನಲ್ಲ. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಅದರಿಂದಲೇ ಸೇದಿದ್ದಳಂತೆ. ಕಣ್ಣು ಮುಚ್ಚುವುದರೊಳಗೆ ಇನ್ನೊಂದು ಸಲ ಆ ನೀರು ನೋಡಬೇಕು ಅನ್ನುವುದೊಂದೇ ಅವಳ ಆಸೆ.

ಆ ವರ್ಷ ಮಳೆಗೆ ಹುಚ್ಚು ಹಿಡಿದಿತ್ತು. ಹಿಂದೆ ಹದವಾಗಿ ಆಗಾಗ ಬೀಳುತ್ತಿದ್ದದ್ದು ಈಗೀಗ ಬಂದರೆ ಒಂದೇ ಏಟಿಗೆ, ಇಲ್ಲದಿದ್ದರೆ ಇಲ್ಲವೇ ಇಲ್ಲ. ಮೂರು ದಿನ ಸುರಿಯಿತು. ಶೇಂಗಾ ಹೊಲದಲ್ಲೇ ಕೊಳೆಯಿತು, ಹಳ್ಳ ಸೇತುವೆ ಹತ್ತಿ ಹರಿಯಿತು. ಬಾವಿಯ ತಳದಲ್ಲಿ ನಿಂತ ಕೆಸರು ಮಾತ್ರ ವಾರದೊಳಗೆ ಒಣಗಿತು.

"ಇಷ್ಟು ಮಳೆಗೇ ಬರ್ಲಿಲ್ಲ ಅಂದ್ಮೇಲೆ ಇನ್ಯಾವಾಗ ಬರ್ತೈತೆ? ಮುಚ್ತೀನಿ," ಎಂದೆ. ನನಗೆ ಕಣಕ್ಕೆ ಜಾಗ ಬೇಕಿತ್ತು.

"ಮೇಲಿನ ನೀರು ಓಡ್ತೈತಪ್ಪ, ಒಳಗಿನ ನೀರು ನಡೀತೈತೆ. ಒಂದು ಬ್ಯಾಸಿಗೆ ತಡಿ," ಎಂದಳು ಅವ್ವ.

ನಾನು ತಡೆಯುವ ಪೈಕಿಯವನಲ್ಲ. ಹಾಗಾದರೆ ಗಂಗಮ್ಮ ಉಸಿರಾಡಲು ಒಂದು ಪೈಪನ್ನಾದರೂ ಇಡು ಎಂದು ಹಟ ಹಿಡಿದಳು. ಅವಳ ತವರಿನಲ್ಲಿ ಬಾವಿ ಮುಚ್ಚುವಾಗ ಬಿದಿರು ನಿಲ್ಲಿಸುತ್ತಿದ್ದರಂತೆ. ಬತ್ತಿದ ಬಾವಿಗೆ ಉಸಿರು ಬೇರೆ ಕೇಡು ಎಂದು ಗೊಣಗುತ್ತಲೇ, ಹಳೇ ಬೋರಿನ ಕಬ್ಬಿಣದ ಪೈಪನ್ನು ತಳ ಮುಟ್ಟುವಂತೆ ನಿಲ್ಲಿಸಿ ಸುತ್ತ ಮಣ್ಣು ತುಂಬಿದೆ.

ಅಲ್ಲಿಂದಾಚೆ ಪ್ರತಿ ಶುಕ್ರವಾರ ಅವ್ವ ಪೈಪಿಗೆ ಅರಿಶಿನ ಕುಂಕುಮ ಹಚ್ಚುವಳು, ಒಳಗೊಂದು ಹರಳು ಬಿಟ್ಟು ಕಿವಿಗೊಡುವಳು. ಹರಳು ಠಣಠಣ ಎನ್ನುತ್ತ ಇಳಿದು ನೆಲಕ್ಕೆ ಬೀಳುತ್ತಿತ್ತು. "ಏನಂತಾಳೆ ನಿಮ್ಮ ಗಂಗಮ್ಮ?" ಎಂದು ನಾನು ಕಾಡುತ್ತಿದ್ದೆ.

ಶಿವರಾತ್ರಿ ಕಳೆಯಿತು. ಉಳ್ಳಾರ್ತಿ ಕಾವಲಿನ ಹುಲ್ಲೆಲ್ಲ ಬೆಂದುಹೋಗಿತ್ತು. ಹನಿ ಮಳೆ ಕಂಡು ನಾಲ್ಕು ತಿಂಗಳು. ಒಂದು ಶುಕ್ರವಾರ ಅವ್ವ ಪೈಪಿನ ಹತ್ತಿರದಿಂದ ಕೈಬೀಸಿ ಕರೆದಳು. ನಾನೇ ಹರಳು ಬಿಟ್ಟೆ. ಗುಳುಂ ಎಂದಿತು. ಲೋಟಕ್ಕೆ ದಾರ ಕಟ್ಟಿ ಇಳಿಬಿಟ್ಟರೆ ಹದಿನೈದು ಅಡಿಗೇ ಸಿಕ್ಕಿತು ನೀರು.

ಹರಿದುಹೋಯಿತು ಅಂದುಕೊಂಡ ಮಳೆ ಅದು. ನಾನು ಕಣ ಸಾರಿಸಿ, ಗಾಡಿ ಓಡಿಸಿ, ನಕ್ಕು, ಉಂಡು ಮಲಗಿದ ಅಷ್ಟೂ ದಿನ ಅದು ಮರಳಿನೊಳಗೆ, ಬಂಡೆಯ ಸೀಳಿನೊಳಗೆ, ಯಾರಿಗೂ ಕಾಣದೆ ಬರುತ್ತಲೇ ಇತ್ತು. ನನ್ನ ಕಾಲ ಕೆಳಗೇ ಬರುತ್ತಿತ್ತು. ಅಂಥದ್ದರ ಮುಂದೆ ನಾನೆಷ್ಟರವನು ಎನಿಸಿ, ಇದ್ದಲ್ಲೇ ಕುಕ್ಕರಿಸಿದೆ.

ಅವ್ವ ಆ ಲೋಟವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಕಣ್ಣಿಗೆ ಒತ್ತಿಕೊಂಡು, ಒಂದು ಗುಟುಕು ಕುಡಿದಳು.

"ಮಣ್ಣು ತೆಗಿಯಕ್ಕಾಗ್ತೈತಾ?"

"ನಲವತ್ತಡಿಗೆ ಗಾಡಿ ಕೈ ಎಟುಕಲ್ಲವ್ವ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಳಿದ ನೀರು ನನ್ನ ಕೈಗೆ ಕೊಟ್ಟು ಕೇಳಿದಳು:

"ಇಂಥವು ಎಷ್ಟು ಮುಚ್ಚಿದೀಯಪ್ಪ?"

ತಳಕಿನ ಕಡೆಯಿಂದ ಎಣಿಸುತ್ತ ಹೋದೆ, ಲೆಕ್ಕ ತಪ್ಪಿತು.

"ಅವಕ್ಕೆಲ್ಲ ಪೈಪು ಇಟ್ಟಿದೀಯಾ?"

"ಇಲ್ಲವ್ವ," ಎಂದೆ.